ಕಣ್ಣಪ್ಪನ ಕಣ್ಣು, ನೀರಿನ ಲೆಕ್ಕ

ಡಿಸ್ಕಸ್ ಮೀನಿನ ಮರಿಗಳು ಅಪ್ಪ–ಅಮ್ಮನ ಮೈಯ ಲೋಳೆ ತಿಂದು ಬದುಕು ಶುರು ಮಾಡುತ್ತವೆ. ಆಮೇಲಿನ ಬಾಣಂತನ ಸಾಕುವವರ ಪಾಲಿಗೆ. ಅದರಲ್ಲಿ ಏನೇ ತಪ್ಪಿದರೂ ಮೀನು ಅದನ್ನು ತನ್ನ ಮೈಮೇಲೆ ಬರೆದಿಟ್ಟುಕೊಳ್ಳುತ್ತದೆ.

ನಮ್ಮ ಮನೆಯ ಹಾಲ್‌ನಲ್ಲಿರುವ ಗಾಜಿನ ತೊಟ್ಟಿಯಲ್ಲಿ ಒಂದು ಮೀನಿದೆ. ವಯಸ್ಸು ಮೂರು ವರ್ಷ, ಉದ್ದ ಮೂರು ಇಂಚು. ಅದರ ಪಕ್ಕದಲ್ಲೇ ಅದೇ ಜಾತಿಯ, ಹತ್ತು ತಿಂಗಳಷ್ಟೇ ತುಂಬಿದ ಎಳೆಯವು ಅಂಗೈ ಅಗಲ ಬೆಳೆದು ಠೀವಿಯಿಂದ ಓಡಾಡುತ್ತಿರುತ್ತವೆ. ಮೂರು ಇಂಚಿನವನ ಮೈ ಅಲ್ಲಿಗೇ ನಿಂತುಹೋಯಿತು. ಕಣ್ಣು ಮಾತ್ರ ನಿಲ್ಲಲಿಲ್ಲ. ಪುಟ್ಟ ಮುಖದ ತುಂಬ ಕೆಂಪು ಉಂಗುರದ ದೊಡ್ಡ ಕಣ್ಣು. ಅದನ್ನು ಹತ್ತಿರದಿಂದ ನೋಡಿದ ದಿನ ಅಮ್ಮ, ‘ಇದೇನೋ ಇದು, ಬೇಡರ ಕಣ್ಣಪ್ಪ ಇದ್ದಹಾಗಿದೆಯಲ್ಲೋ’ ಅಂದಳು. ಹೆಸರು ನಿಂತಿತು.

ಮನೆಗೆ ಬಂದವರೆಲ್ಲ ಕಣ್ಣಪ್ಪನನ್ನು ನೋಡಿ ನಗುತ್ತಾರೆ. ಅದೊಂದು ಬೇರೆಯೇ ಜಾತಿ ಇರಬೇಕು ಅಂದುಕೊಳ್ಳುವವರೂ ಇದ್ದಾರೆ. ನನಗೆ ನಗು ಬರುವುದಿಲ್ಲ. ಅವನು ಹುಟ್ಟಿದ್ದು ಹಾಗಲ್ಲ, ಹಾಗೆ ಮಾಡಿದ್ದು ನಾನು. ಡಿಸ್ಕಸ್ ಸಾಕುವವರ ನಡುವೆ ಇದೊಂದು ಗೊತ್ತಿರುವ ಸಂಗತಿ: ಮರಿಯಾಗಿದ್ದಾಗ ಹೊಟ್ಟೆಗೂ ನೀರಿಗೂ ಬರ ಬಿದ್ದರೆ ಮೈ ಹಿಂದೆ ಬೀಳುತ್ತದೆ, ಕಣ್ಣು ತನ್ನ ಪಾಡಿಗೆ ಬೆಳೆಯುತ್ತದೆ. ಆಮೇಲೆ ಎಷ್ಟೇ ಉಪಚಾರ ಮಾಡಿದರೂ ಆ ತಿಂಗಳುಗಳು ವಾಪಸು ಬರುವುದಿಲ್ಲ. ಅಂಗಡಿಯಲ್ಲಿ ಮೀನಿನ ವಯಸ್ಸು ಕೇಳಬೇಕಾಗಿಯೇ ಇಲ್ಲ, ಕಣ್ಣಿಗೂ ಮೈಗೂ ಇರುವ ಅಳತೆ ನೋಡಿದರೆ ಸಾಕು.

ಆತುರದ ನಾಲ್ಕು ಮರಿಗಳು

ಬೆಂಗಳೂರಿನ ಒಂದು ಅಂಗಡಿಗೆ ಟ್ಯೂಬ್‌ಲೈಟ್ ತರಲು ಹೋದವನು ಪಕ್ಕದ ಮೀನಿನ ಅಂಗಡಿಯಿಂದ ನಾಲ್ಕು ಡಿಸ್ಕಸ್ ಮರಿ ಹಿಡಿದು ಬಂದೆ. ಒಂದೂವರೆ ಇಂಚು, ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡವು. ‘ಏನೂ ಕಷ್ಟ ಇಲ್ಲ ಸಾರ್, ಗೋಲ್ಡ್‌ಫಿಶ್ ಥರಾನೇ’ ಎಂದು ಅಂಗಡಿಯವರು ಅಂದರು. ನಂಬುವ ಆಸೆ ನನಗೇ ಇತ್ತು, ನಂಬಿದೆ.

ಮನೆಯಲ್ಲಿ ಹದಿನೈದು ದಿನದ ಹಿಂದೆ ತುಂಬಿಸಿದ ತೊಟ್ಟಿ. ತಳಕ್ಕೆ ಬಣ್ಣದ ಕಲ್ಲು, ಮೂಲೆಯಲ್ಲಿ ಮುಳುಗಿದ ಹಡಗಿನ ಬೊಂಬೆ, ಮೊದಲೇ ಇದ್ದ ನಾಲ್ಕಾರು ಚುರುಕು ಮೀನುಗಳು. ಬೆಳಿಗ್ಗೆ ಒಂದು ಚಿಟಿಕೆ, ರಾತ್ರಿ ಒಂದು ಚಿಟಿಕೆ ಆಹಾರ. ಭಾನುವಾರ ಒಂದು ಬಕೆಟ್ ನೀರು ತೆಗೆದು ಒಂದು ಬಕೆಟ್ ಹಾಕುವುದು. ಹತ್ತು ದಿನದಲ್ಲಿ ಮರಿಗಳು ಕಪ್ಪಗಾಗಿ ಹಡಗಿನ ಹಿಂದೆ ಸೇರಿಕೊಂಡವು. ಚುರುಕು ಮೀನುಗಳು ಆಹಾರ ಮುಗಿಸುವವರೆಗೂ ಇವು ತಲೆ ಹೊರಗೆ ಹಾಕುತ್ತಿರಲಿಲ್ಲ. ತಿಂಗಳೊಳಗೆ ಎರಡು ಹೋದವು. ಡಿಸೆಂಬರ್‌ನ ಒಂದು ರಾತ್ರಿ ಕರೆಂಟ್ ಹೋಗಿ ಹೀಟರ್ ನಿಂತು, ಬೆಳಗಾಗುವಷ್ಟರಲ್ಲಿ ಮೂರನೆಯದೂ ಹೋಯಿತು. ಉಳಿದವನೇ ಕಣ್ಣಪ್ಪ.

ಆಗ ಅಮ್ಮ ಹೇಳಿದ ಮಾತು ನೆಟ್ಟಗೆ ನಾಟಿತು: ‘ಶೃಂಗೇರಿಯ ಮೀನಿಗೆ ಮಂಡಕ್ಕಿ ಎರಚಿ ಬರ್ತೀವಲ್ಲ, ಅದಕ್ಕೆ ನೀರು ಕೊಡೋಕೆ ತುಂಗೆ ಇದ್ದಾಳೆ. ನಿನ್ನ ಮೀನಿಗೆ ಯಾರಿದ್ದಾರೆ?’

ಕರಿನದಿಯ ದುಂಡು ಮೀನು

ಈ ಮೀನಿಗೆ ನೀರು ಕೊಡುತ್ತಿದ್ದದ್ದು ಅಮೆಜಾನ್. ಆಸ್ಟ್ರಿಯಾದ ಯೋಹಾನ್ ನಾಟರರ್ 1817ರಿಂದ 1835ರವರೆಗೆ ಬ್ರೆಜಿಲ್‌ನ ಕಾಡು–ಹೊಳೆಗಳಲ್ಲಿ ಅಲೆದು ಪ್ರಾಣಿ, ಪಕ್ಷಿ, ಮೀನುಗಳನ್ನು ಸಂಗ್ರಹಿಸಿ ವಿಯೆನ್ನಾಕ್ಕೆ ಕಳಿಸಿದ. ಆ ಸಂಗ್ರಹದಲ್ಲಿದ್ದ ದುಂಡನೆಯ ಮೀನಿಗೆ 1840ರಲ್ಲಿ ಯೋಹಾನ್ ಯಾಕೋಬ್ ಹೆಕೆಲ್ ಕೊಟ್ಟ ಹೆಸರು ಸಿಂಫೈಸೋಡಾನ್ ಡಿಸ್ಕಸ್. ಚಕ್ರದ ಹಾಗಿದ್ದುದಕ್ಕೆ ಡಿಸ್ಕಸ್. 1904ರಲ್ಲಿ ಫ್ರಾನ್ಸಿನ ಜಾಕ್ ಪೆಲೆಗ್ರಿನ್ ಇನ್ನೊಂದು ಜಾತಿಯನ್ನು ಗುರುತಿಸಿದ. ಮೈಮೇಲೆ ನಿಲುವಾಗಿ ಒಂಬತ್ತು ಕಪ್ಪು ಪಟ್ಟೆ ಈ ಕುಲದ ಗುರುತು. ಹೆಕೆಲ್ ಹೆಸರಿಟ್ಟ ಮೀನಿನಲ್ಲಿ ಅವುಗಳ ಪೈಕಿ ನಡುವಿನ ಐದನೆಯ ಪಟ್ಟೆ ದಪ್ಪಗೆ, ಇದ್ದಿಲಿನಲ್ಲಿ ಎಳೆದ ಹಾಗೆ ಇರುತ್ತದೆ.

ಅದರ ತವರು ರಿಯೊ ನೀಗ್ರೋ, ಅಂದರೆ ಕರಿನದಿ. ಕಾಡಿನ ತರಗೆಲೆ ನೆನೆದು ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಲವಣ ಇಲ್ಲವೆನ್ನುವಷ್ಟು ಕಡಿಮೆ, ಹುಳಿ ಹೆಚ್ಚು, ಪಿಎಚ್ ಅಳೆದರೆ 5ರ ಆಸುಪಾಸು. ವರ್ಷವಿಡೀ ಬೆಚ್ಚಗಿರುವ ಆ ನೀರಿನಲ್ಲಿ, ದಡದಿಂದ ಉರುಳಿ ಮುಳುಗಿದ ಮರಗಳ ಕೊಂಬೆಗಳ ನಡುವೆ ಡಿಸ್ಕಸ್‌ಗಳು ಹಿಂಡುಗಟ್ಟಿ ಇರುತ್ತವೆ. ತಟ್ಟೆಯಂಥ ಮೈ ಇರುವುದರ ಅರ್ಥ ಅಲ್ಲಿ ಗೊತ್ತಾಗುತ್ತದೆ: ಕೊಂಬೆಗಳ ಸಂದಿಯಲ್ಲಿ ಓರೆಯಾಗಿ ತೂರಿಕೊಂಡರೆ ಪಟ್ಟೆಗಳೇ ನೆರಳಾಗುತ್ತವೆ. ಕೊಂಬೆಗೆ ಹತ್ತಿದ ಪಾಚಿ, ಕೊಳೆತ ಎಲೆಯ ಪುಡಿ, ಸಣ್ಣಪುಟ್ಟ ಹುಳ ಅವುಗಳ ಊಟ. ಒಂದೇ ಸಲ ಗಬಗಬ ತಿಂದು ಮುಗಿಸುವ ಜೀವವಲ್ಲ, ದಿನವಿಡೀ ಕುಕ್ಕುತ್ತಲೇ ಇರುವ ಜೀವ. ನಾನು ಬೆಳಿಗ್ಗೆ ಒಂದು ಚಿಟಿಕೆ, ರಾತ್ರಿ ಒಂದು ಚಿಟಿಕೆ ಹಾಕುತ್ತಿದ್ದುದು ಇಂಥ ಜೀವಕ್ಕೆ.

ಕರಿನದಿಯ ದಡದ ಬಾರ್ಸೆಲೋಸ್ ಎಂಬ ಊರಿಗೆ ಅಲಂಕಾರಿಕ ಮೀನು ಹಿಡಿಯುವುದೇ ದೊಡ್ಡ ಕಸುಬಾಗಿತ್ತು. ಅಲ್ಲೊಂದು ಮೀನಿನ ಹಬ್ಬ ನಡೆಯುತ್ತದೆ. ಊರಿಗೆ ಊರೇ ಎರಡು ಪಂಗಡವಾಗಿ ಒಂದು ಡಿಸ್ಕಸ್ ಕಡೆ, ಇನ್ನೊಂದು ಕಾರ್ಡಿನಲ್ ಟೆಟ್ರಾ ಎಂಬ ಕಿರುಮೀನಿನ ಕಡೆ ನಿಂತು ಹಾಡು–ಕುಣಿತದಲ್ಲಿ ಪೈಪೋಟಿ ನಡೆಸುತ್ತದೆ.

ನಮ್ಮ ಅಂಗಡಿಗಳಿಗೆ ಬರುವ ಡಿಸ್ಕಸ್‌ಗಳಲ್ಲಿ ಹೆಚ್ಚಿನವು ಆ ನದಿಯನ್ನು ಕಂಡವಲ್ಲ. ಜರ್ಮನಿಯಲ್ಲಿ ವೈದ್ಯರಾಗಿದ್ದ ಎಡ್ವರ್ಡ್ ಶ್ಮಿಟ್–ಫೋಕೆ, ಅಮೆರಿಕದ ಜ್ಯಾಕ್ ವಾಟ್ಲಿ ಅವರಂಥವರು ಕಳೆದ ಶತಮಾನದಲ್ಲಿ ಜೋಡಿ ಆರಿಸಿ ಆರಿಸಿ ನೀಲಿ, ವೈಡೂರ್ಯದ ಬಣ್ಣಗಳನ್ನು ಗಟ್ಟಿ ಮಾಡಿದರು. 1990ರ ದಶಕದ ಶುರುವಿನಲ್ಲಿ ಥಾಯ್ಲೆಂಡ್‌ನಿಂದ ‘ಪಿಜನ್ ಬ್ಲಡ್’ ಎಂಬ ಕಿತ್ತಳೆ–ಕೆಂಪಿನ ತಳಿ ಬಂತು. ಪಟ್ಟೆಗಳೇ ಇಲ್ಲದ ಮೀನು. ಮಲೇಷ್ಯಾದ ಪೆನಾಂಗ್ ಡಿಸ್ಕಸ್ ಸಾಕಣೆಗೆ ಹೆಸರಾಯಿತು. ನಮ್ಮ ಪಕ್ಕದಲ್ಲೇ, ಚೆನ್ನೈನ ಕೊಳತ್ತೂರು ಬಣ್ಣದ ಮೀನುಗಳ ವ್ಯಾಪಾರಕ್ಕೆ ದೊಡ್ಡ ಹೆಸರು.

ಮೈಯೇ ಹಾಲು

ಡಿಸ್ಕಸ್ ಮರಿಯನ್ನು ಬೇರೆ ಮೀನುಮರಿಗಳಿಂದ ಬೇರೆ ಮಾಡುವುದು ಅದರ ಮೊದಲ ಊಟ. ಎಷ್ಟೋ ಮೀನುಗಳು ಮೊಟ್ಟೆ ಚೆಲ್ಲಿ ತಮ್ಮ ದಾರಿ ಹಿಡಿಯುತ್ತವೆ. ಡಿಸ್ಕಸ್ ಜೋಡಿ ಹಾಗಲ್ಲ. ನಿಲುವಾದ ಒಂದು ಜಾಗವನ್ನು ಆರಿಸಿ, ಬಾಯಿಂದ ಉಜ್ಜಿ ಉಜ್ಜಿ ಸ್ವಚ್ಛ ಮಾಡಿ, ಸಾಲಾಗಿ ನೂರು, ಇನ್ನೂರು ಮೊಟ್ಟೆ ಅಂಟಿಸುತ್ತವೆ. ಇಬ್ಬರೂ ಸರದಿಯ ಮೇಲೆ ಈಜುರೆಕ್ಕೆಯಿಂದ ಗಾಳಿ ಬೀಸುತ್ತಾರೆ. ಎರಡೂವರೆ ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಇನ್ನೆರಡು ಮೂರು ದಿನ ಮರಿಗಳು ಅಲ್ಲೇ ಅಂಟಿಕೊಂಡು ಬಾಲ ಅಲ್ಲಾಡಿಸುತ್ತಿರುತ್ತವೆ. ಆಮೇಲೆ ಒಂದೊಂದಾಗಿ ಕಳಚಿಕೊಂಡು ನೇರವಾಗಿ ಹೋಗಿ ಸೇರುವುದು ಅಪ್ಪ–ಅಮ್ಮನ ಪಕ್ಕೆಗೆ. ಅಲ್ಲಿನ ಲೋಳೆಯೇ ಅವುಗಳ ಹಾಲು.

ಈ ವಿಚಿತ್ರವನ್ನು ಹಿಲ್ಡೆಮನ್ ಎಂಬ ವಿಜ್ಞಾನಿ 1959ರಲ್ಲೇ ಬರೆದು ಪ್ರಕಟಿಸಿದ್ದರು. 2010ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರೆಜಿಲ್‌ನವರ ಜೊತೆ ಸೇರಿ ಇನ್ನಷ್ಟು ಆಳಕ್ಕೆ ಇಳಿದರು. ಮರಿ ಮಾಡುವ ಮೀನುಗಳ ಲೋಳೆಯಲ್ಲಿ ಪ್ರೊಟೀನ್ ಹೆಚ್ಚುತ್ತದೆ, ರೋಗ ತಡೆಯುವ ಪ್ರತಿಕಾಯಗಳೂ ಹೆಚ್ಚುತ್ತವೆ. ಎಳೆಗೂಸಿಗೆ ತಾಯಿಯ ಮೊದಲ ಹಾಲು ಕೊಡುವುದನ್ನೇ ಇದೂ ಕೊಡುತ್ತಿದೆ. ಮೊದಲ ಎರಡು ವಾರ ತಂದೆ–ತಾಯಿ ಮರಿಗಳನ್ನು ಬಿಟ್ಟು ಅಲುಗುವುದಿಲ್ಲ. ಒಬ್ಬರಿಗೆ ಸಾಕಾದರೆ ಮೈ ಒಮ್ಮೆ ಝಾಡಿಸಿ ಇಡೀ ಹಿಂಡನ್ನು ಇನ್ನೊಬ್ಬರ ಮೈಗೆ ದಾಟಿಸುತ್ತಾರೆ. ಮೂರನೆಯ ವಾರದಿಂದ ಲೆಕ್ಕ ಬದಲಾಗುತ್ತದೆ. ಮರಿಗಳು ಬಂದರೆ ಇವರು ಸ್ವಲ್ಪ ದೂರ ಈಜುತ್ತಾರೆ. ದಿನ ಕಳೆದಂತೆ ಆ ದೂರ ಹೆಚ್ಚುತ್ತದೆ. ಬೇವಿನ ರಸ ಹಚ್ಚದೆಯೇ ಹಾಲು ಬಿಡಿಸುವ ಕ್ರಮ ಇದು.

ಹಕ್ಕಿಗಳಲ್ಲಿ ಇಂಥದ್ದು ಪಾರಿವಾಳಕ್ಕಿದೆ. ಗಂಡು ಹೆಣ್ಣು ಎರಡೂ ಗಂಟಲಚೀಲದಲ್ಲಿ ಹಾಲಿನಂಥದ್ದನ್ನು ಮಾಡಿ ಮರಿಗೆ ಉಣಿಸುತ್ತವೆ. ಮೀನಿನಲ್ಲಿ ಉದಾಹರಣೆ ಹುಡುಕಲು ಅಮೆಜಾನ್‌ಗೇ ಹೋಗಬೇಕಿಲ್ಲ. ಡಿಸ್ಕಸ್ ಸೇರಿದ ಸಿಕ್ಲಿಡ್ ಕುಟುಂಬದ ಮೀನುಗಳು ನಮ್ಮ ಪಶ್ಚಿಮ ಕರಾವಳಿಯಲ್ಲೂ ಇವೆ. ಕೇರಳದವರು ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಕರಿಮೀನು ಅದೇ ಮನೆತನದ್ದು. ಅವರು ಪಲ್ಲತ್ತಿ ಎನ್ನುವ ಚಿಕ್ಕ ಹಳದಿ ಮೀನಿನ ಮರಿಗಳು ತಂದೆ–ತಾಯಿಯ ಮೈಯನ್ನು ಆಗಾಗ ಕುಕ್ಕಿ ಲೋಳೆ ತಿನ್ನುವುದನ್ನು ಅಧ್ಯಯನಗಳು ದಾಖಲಿಸಿವೆ. ಅದೇ ಬಳಗದ ಇನ್ನೊಂದು ಮೀನಿಗೆ 1877ರಲ್ಲಿ ಫ್ರಾನ್ಸಿಸ್ ಡೇ ಇಟ್ಟ ಹೆಸರಲ್ಲಿ ನಮ್ಮ ಕೆನರಾ ಇದೆ: ಎಟ್ರೋಪ್ಲಸ್ ಕೆನರೆನ್ಸಿಸ್. ನಾವು ಸಾವಿರಾರು ಮೈಲಿ ಆಚೆಯ ಮೀನಿನ ಬಾಣಂತನ ಮಾಡುತ್ತ ಕೂತಿದ್ದೇವೆ, ಅದರ ದಾಯಾದಿ ದಕ್ಷಿಣ ಕನ್ನಡದ ಹೊಳೆಯಲ್ಲಿ ಯಾರ ಹಂಗೂ ಇಲ್ಲದೆ ಮರಿ ಮಾಡಿಕೊಂಡಿದೆ.

ಬಣ್ಣದ ಆಸೆಗೆ ನಾವು ತೆತ್ತ ಬೆಲೆಯೂ ಇಲ್ಲೇ ಕಾಣುತ್ತದೆ. ಮರಿಗಳಿರುವಾಗ ಪಟ್ಟೆಯುಳ್ಳ ಡಿಸ್ಕಸ್‌ನ ಮೈ ಕಪ್ಪೇರುತ್ತದೆ. ಕಣ್ಣು ಬಿಟ್ಟ ಮರಿಗೆ ಆ ಕಪ್ಪೇ ದಾರಿದೀಪ. ಪಿಜನ್ ಬ್ಲಡ್‌ನಂಥ ತಳಿಗಳಿಗೆ ಕಪ್ಪಾಗುವುದೇ ಬರುವುದಿಲ್ಲ. ಅವುಗಳ ಮರಿಗಳು ಕೆಲವೊಮ್ಮೆ ತಾಯಿ ಪಕ್ಕದಲ್ಲೇ ಇದ್ದರೂ ಗುರುತಿಸದೆ, ಫಿಲ್ಟರ್‌ನ ಕಪ್ಪು ಸ್ಪಾಂಜನ್ನೋ ಹೀಟರ್‌ನ ನೆರಳನ್ನೋ ಹೋಗಿ ಸೇರುತ್ತವೆ. ಅದಕ್ಕೇ ಅನುಭವಿಗಳು ಅಂಥ ಜೋಡಿಯ ತೊಟ್ಟಿಯಲ್ಲಿ ಮಿಕ್ಕ ಕಪ್ಪು ವಸ್ತುಗಳನ್ನೆಲ್ಲ ತೆಗೆದುಬಿಡುತ್ತಾರೆ.

ಡ್ರಮ್ಮು, ಬಕೆಟ್ಟು, ಕೊಳವೆ

ಎರಡನೆಯ ಸಲ ಮರಿ ತರುವ ಮೊದಲು ನಾನು ಮಾಡಿದ ಕೆಲಸ ಒಂದೇ: ಐದು ವಾರ ಬೇರೊಂದು ಖಾಲಿ ತೊಟ್ಟಿ ನಡೆಸಿದೆ. ಮನೆಯವರಿಗೆ ಇದು ಹುಚ್ಚಿನಂತೆ ಕಂಡಿತು. ಮೀನಿಲ್ಲದ ನೀರಿಗೆ ಪಂಪು, ಮೀನಿಲ್ಲದ ನೀರಿಗೆ ಚಿಟಿಕೆ ಆಹಾರ!

ಕಾರಣ ಇಷ್ಟು. ಮೀನು ಕಿವಿರಿನಿಂದ, ಮಲದಿಂದ ಅಮೋನಿಯಾ ಹೊರಹಾಕುತ್ತದೆ. ಕೊಳೆತ ಆಹಾರದಿಂದಲೂ ಅದೇ ಬರುತ್ತದೆ. ಫಿಲ್ಟರ್‌ನ ಸ್ಪಾಂಜಿನಲ್ಲಿ ಮನೆ ಮಾಡುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಸೌಮ್ಯ, ನೀರು ಬದಲಿಸಿ ತೆಗೆಯಬಹುದು. ಈ ಎರಡೂ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹದಿನೈದು ದಿನದ ತೊಟ್ಟಿಗೆ ಮರಿ ಬಿಟ್ಟವನು ನಾನು. ಹೆಪ್ಪು ಹಾಕಿ ಅರ್ಧ ಗಂಟೆಗೆ ಮೊಸರು ಬಡಿಸಲು ಹೋದ ಹಾಗೆ.

ಇದರ ಮೇಲೆ ಇನ್ನೊಂದು ಸೂಕ್ಷ್ಮ. ಅಮೋನಿಯಾ ಎಷ್ಟು ವಿಷ ಎಂಬುದು ನೀರಿನ ಪಿಎಚ್ ಮೇಲೆ ನಿಂತಿದೆ. 28 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷರೂಪದಲ್ಲಿ ಇರುವುದಿಲ್ಲ. ಪಿಎಚ್ 8 ಆದರೆ ನೂರಕ್ಕೆ ಆರು ಪಾಲು ದಾಟುತ್ತದೆ. ಅಂದರೆ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಅದೇ ತಪ್ಪಿಗೆ ಒಂಬತ್ತು ಪಟ್ಟು ಶಿಕ್ಷೆ.

ಡಿಸ್ಕಸ್ ಅಂದರೆ ಆರ್‌ಒ ನೀರು ಬೇಕೇ ಬೇಕು ಎಂಬ ಮಾತಿದೆ. ಮೊಟ್ಟೆ ಫಲಿಸಲು ಮೆದು ನೀರು ಬೇಕು ನಿಜ. ಗಡಸು ನೀರಿನಲ್ಲಿ ಮೊಟ್ಟೆ ಬೆಳ್ಳಗಾಗಿ ಕೆಡುವುದು ಹೆಚ್ಚು. ಮರಿ ಬೆಳೆಯಲು ಅದು ಬೇಡ. ಬೆಳೆಯುವ ಮೂಳೆಗೆ ಸ್ವಲ್ಪ ಲವಣ ಇರುವ ನಲ್ಲಿ ನೀರೇ ಒಳ್ಳೆಯದು. ಮರಿಗೆ ಬೇಕಾದದ್ದು ದಿನವೂ ಒಂದೇ ಥರ ಇರುವ, ದಿನವೂ ಹೊಸದಾಗುವ ನೀರು.

ನಮ್ಮ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಸಂಪಿಗೆ ಬರುತ್ತದೆ. ಅಲ್ಲಿಂದ 200 ಲೀಟರಿನ ನೀಲಿ ಡ್ರಮ್ಮಿಗೆ ತುಂಬಿ, ಗಾಳಿಗುಳ್ಳೆ ಬಿಟ್ಟು ಒಂದು ದಿನ ಇಡುತ್ತೇನೆ. ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದ ದಿನ ಎರಡು ಹರಳು ಹೈಪೋ. ಹಿಂದೆ ಫೋಟೊ ಸ್ಟುಡಿಯೊದವರು ಕತ್ತಲೆಕೋಣೆಯಲ್ಲಿ ಬಳಸುತ್ತಿದ್ದ ಅದೇ ಸೋಡಿಯಂ ಥಯೊಸಲ್ಫೇಟ್. ಒಮ್ಮೆ ಫೋನಿನಲ್ಲಿ ಮಾತಾಡುತ್ತ ಹೈಪೋ ಮರೆತು ನೇರ ನಲ್ಲಿ ನೀರು ಬಿಟ್ಟೆ. ಐದು ನಿಮಿಷದಲ್ಲಿ ಮರಿಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯತೊಡಗಿದವು. ಅಂದಿನಿಂದ ನೀರು ಬದಲಿಸುವ ಹೊತ್ತಿನಲ್ಲಿ ಫೋನ್ ಅಡುಗೆಮನೆಯಲ್ಲಿರುತ್ತದೆ.

ತೊಟ್ಟಿ 150 ಲೀಟರ್, ಮರಿ ಆರು. ತಳದಲ್ಲಿ ಕಲ್ಲಿಲ್ಲ, ಮರಳಿಲ್ಲ, ಹಡಗಂತೂ ಇಲ್ಲ. ಬರೀ ಗಾಜು. ಎರಡು ಸ್ಪಾಂಜ್ ಫಿಲ್ಟರ್, ಒಂದು ಹೀಟರ್, 29 ಡಿಗ್ರಿ ತೋರಿಸುವ ಥರ್ಮಾಮೀಟರ್. ನೋಡಲು ಆಸ್ಪತ್ರೆಯ ವಾರ್ಡ್ ಇದ್ದಹಾಗೆ ಇರುತ್ತದೆ; ಆದರೆ ಕಸ ಎಲ್ಲಿ ಬಿತ್ತು ಎಂದು ಕಾಣುತ್ತದೆ. ದಿನವೂ ಸಂಜೆ ಕೊಳವೆ ಇಟ್ಟು ತಳದ ಕಸದ ಜೊತೆ 60 ಲೀಟರ್ ಹೊರಗೆ, ಅಷ್ಟೇ ಬಿಸಿಯ 60 ಲೀಟರ್ ಒಳಗೆ. ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿದುಕೊಳ್ಳುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಇರಬಹುದಾದದ್ದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಹಾಗಾಗಿ ಕರೆಂಟ್ ಹೋದರೂ ಓಡುವ ಬ್ಯಾಟರಿ ಏರ್ ಪಂಪ್ ಒಂದು ಮಗ್ಗುಲಲ್ಲೇ ಕಾಯುತ್ತಿರುತ್ತದೆ. ಆ ಡಿಸೆಂಬರ್ ರಾತ್ರಿಯ ಪಾಠ ಅದು. ಹೀಟರ್ ನಿಂತಾಗ ತೊಟ್ಟಿಗೆ ಹೊದಿಸಲು ಹಳೆಯ ಕಂಬಳಿಯೂ ಇದೆ.

ತೆಗೆದ ನೀರು ತಾರಸಿಯ ಕರಿಬೇವು, ಕನಕಾಂಬರಕ್ಕೆ. ಆರು ತಿಂಗಳಲ್ಲಿ ಕರಿಬೇವು ಗೋಡೆ ಮೀರಿ ಬೆಳೆಯಿತು. ಮೀನಿನ ವಿಷಯದಲ್ಲಿ ಅಮ್ಮನ ಒಪ್ಪಿಗೆ ಸಿಕ್ಕಿದ್ದು ಅಲ್ಲಿಂದ.

ಪಂಕ್ತಿಯ ಕೊನೆಯವನು

ಎರಡು ಇಂಚಿನ ಮರಿಗೆ ದಿನಕ್ಕೆ ಐದಾರು ಸಲ ಊಟ. ಪ್ರತಿ ಸಲ ಐದು ನಿಮಿಷದಲ್ಲಿ ಮುಗಿಯುವಷ್ಟು. ಹೆಚ್ಚು ತಿಂದಷ್ಟೂ ಹೆಚ್ಚು ಕಸ, ಹೆಚ್ಚು ಕಸಕ್ಕೆ ಹೆಚ್ಚು ನೀರು. ಊಟ ಮತ್ತು ಬಕೆಟ್ ಒಂದೇ ತಕ್ಕಡಿಯ ಎರಡು ತಟ್ಟೆ. ಒಂದನ್ನು ಏರಿಸಿ ಇನ್ನೊಂದನ್ನು ಮರೆತವರ ಮನೆಯಲ್ಲೇ ಮೀನು ಕಪ್ಪಾಗುವುದು.

ಹೊರದೇಶಗಳಲ್ಲಿ ದನದ ಹೃದಯ ಅರೆದು ಡಿಸ್ಕಸ್‌ಗೆ ಕೊಡುವುದು ಹಳೆಯ ರೂಢಿ. ನಮ್ಮದು ಮೊಟ್ಟೆಯೂ ಒಳಗೆ ಬಾರದ ಅಡುಗೆಮನೆ. ಹಳೆಯ ಮಿಕ್ಸಿಯೊಂದು ತಾರಸಿಗೆ ಹೋಯಿತು. ಸಿಪ್ಪೆ ಸುಲಿದ ಸಿಗಡಿ, ಬೇಯಿಸಿದ ಪಾಲಕ್, ಸ್ವಲ್ಪ ಸ್ಪಿರುಲಿನಾ ಪುಡಿ, ಒಂದೆರಡು ಎಸಳು ಬೆಳ್ಳುಳ್ಳಿ ಸೇರಿಸಿ ರುಬ್ಬಿ, ತೆಳ್ಳಗೆ ತಟ್ಟಿ, ಫ್ರೀಜರಿನಲ್ಲಿ ಇಡುತ್ತೇನೆ. ಆ ಡಬ್ಬಿಯ ಮೇಲೆ ನನ್ನ ಮಗಳು ಕೆಂಪು ಅಕ್ಷರದಲ್ಲಿ ಬರೆದಿದ್ದಾಳೆ: ‘ಅಜ್ಜಿ ತೆರೆಯಬಾರದು’. ನಡುನಡುವೆ ಕಾಳಿನ ಆಹಾರ, ಫ್ರೀಜ್ ಮಾಡಿದ ಬ್ಲಡ್‌ವರ್ಮ್. ಹೆಸರು ಹುಳ ಎಂದಿದ್ದರೂ ಅದು ಕಚ್ಚದ ಒಂದು ಸೊಳ್ಳೆಯಂಥ ಕೀಟದ ಲಾರ್ವಾ. ಚರಂಡಿ ಕೆಸರಿನಿಂದ ಹಿಡಿದು ತರುವ ಜೀವಂತ ಟ್ಯೂಬಿಫೆಕ್ಸ್ ಹುಳವನ್ನು ಮೀನು ಆಸೆಪಟ್ಟು ತಿನ್ನುತ್ತದೆ, ಜೊತೆಗೆ ರೋಗವನ್ನೂ ತಿನ್ನುತ್ತದೆ. ಅದನ್ನು ನಾನು ಬಿಟ್ಟಿದ್ದೇನೆ.

ಇನ್ನೂ ಎಳೆಯ ಮರಿಗೆ, ತಾಯಿಯ ಮೈ ಬಿಡುವ ಹೊತ್ತಿನಲ್ಲಿ, ಆರ್ಟೀಮಿಯಾಕ್ಕೆ ಸಮ ಯಾವುದೂ ಇಲ್ಲ. ಅಮೆರಿಕದ ಯೂಟಾದ ಗ್ರೇಟ್ ಸಾಲ್ಟ್ ಲೇಕ್‌ನಂಥ ಉಪ್ಪು ಸರೋವರಗಳಿಂದ ಬರುವ ಮೊಟ್ಟೆ ಅದು. ಕಂದು ಪುಡಿಯ ಹಾಗೆ ಡಬ್ಬದಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತದೆ. ತಳ ಕತ್ತರಿಸಿದ ಕೂಲ್‌ಡ್ರಿಂಕ್ಸ್ ಬಾಟಲಿಯನ್ನು ತಲೆಕೆಳಗು ಮಾಡಿ, ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ, ಅರ್ಧ ಚಮಚ ಮೊಟ್ಟೆ ಹಾಕಿ, ಗಾಳಿಗುಳ್ಳೆ ಬಿಟ್ಟರೆ ಮರುದಿನ ಕಿತ್ತಳೆ ಬಣ್ಣದ ಜೀವಗಳು ಕುಣಿಯುತ್ತಿರುತ್ತವೆ. ಗಾಳಿ ನಿಲ್ಲಿಸಿ ಕೆಳಗೊಂದು ಟಾರ್ಚ್ ಹಿಡಿದರೆ ಅವು ಬೆಳಕಿನತ್ತ ಇಳಿಯುತ್ತವೆ, ಸಿಪ್ಪೆ ಮೇಲೆ ತೇಲುತ್ತದೆ. ಅವನ್ನು ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಟ್ಟ ಹತ್ತು ನಿಮಿಷಕ್ಕೆ ಪ್ರತಿ ಮರಿಯ ಹೊಟ್ಟೆಯಲ್ಲಿ ಒಂದು ಕಿತ್ತಳೆ ಚುಕ್ಕೆ ಮೂಡುತ್ತದೆ. ಉಂಡವರು ಯಾರು, ಉಣ್ಣದವರು ಯಾರು ಎಂದು ಎಣಿಸಿಯೇ ಹೇಳಬಹುದು.

ಈ ಎಣಿಕೆಯೇ ಮರಿ ಬೆಳೆಸುವ ಕೆಲಸದ ತಿರುಳು. ಡಿಸ್ಕಸ್‌ಗಳಲ್ಲಿ ದೊಡ್ಡವನು–ಚಿಕ್ಕವನು ಎಂಬ ಲೆಕ್ಕ ಕಟ್ಟುನಿಟ್ಟು. ಎರಡೋ ಮೂರೋ ಇಟ್ಟರೆ ಬಲವಾದದ್ದರ ಪೆಟ್ಟೆಲ್ಲ ಒಂದರ ಮೇಲೇ ಬೀಳುತ್ತದೆ. ಆರು ಅಥವಾ ಹೆಚ್ಚು ಇದ್ದರೆ ಪೆಟ್ಟು ಹಂಚಿಹೋಗುತ್ತದೆ. ಆದರೂ ಪಂಕ್ತಿಯ ಕೊನೆಯಲ್ಲಿ ಒಬ್ಬ ಇದ್ದೇ ಇರುತ್ತಾನೆ. ಬಡಿಸುವವನು ಮುಂದಿನ ಎಲೆಗಳಿಗೇ ಸುರಿದು ಹೋದರೆ ಕೊನೆಯ ಎಲೆ ಖಾಲಿ. ನಾನು ತೊಟ್ಟಿಯ ಎರಡು ತುದಿಗೂ ಒಟ್ಟಿಗೇ ಹಾಕುತ್ತೇನೆ. ದೊಡ್ಡವನು ಏಕಕಾಲಕ್ಕೆ ಎರಡು ಕಡೆ ಇರಲಾರ. ಒಂದು ವಾರ ಹಾಗೂ ಹಿಂದೆ ಬಿದ್ದ ಮರಿಯನ್ನು ತನ್ನಷ್ಟೇ ಗಾತ್ರದವರ ಜೊತೆ ಬೇರೆ ತೊಟ್ಟಿಗೆ ಹಾಕುತ್ತೇನೆ. ಕಣ್ಣಪ್ಪನ ವಿಷಯದಲ್ಲಿ ನನಗೆ ಈ ಕೊನೆಯ ಎಲೆ ಕಂಡಿರಲೇ ಇಲ್ಲ.

ಅಂಗಡಿಯಲ್ಲಿ ಐದು ನಿಮಿಷ

ಮರಿ ಕೊಳ್ಳುವವರಿಗೆ ಒಂದೇ ಮಾತು: ಬಣ್ಣ ಆಮೇಲೆ ನೋಡಿ. ಒಂದೂವರೆ ಇಂಚಿನದ್ದು ಅಗ್ಗ, ಎರಡೂವರೆ ಇಂಚಿನದ್ದು ದುಬಾರಿ; ಹೊಸಬರಿಗೆ ದುಬಾರಿಯದ್ದೇ ಕೊನೆಗೆ ಅಗ್ಗ. ಎಳೆಯ ವಯಸ್ಸಿನಲ್ಲೇ ಕಣ್ಣು ಕುಕ್ಕುವ ಬಣ್ಣ ಬಂದಿದ್ದರೆ ಹಾರ್ಮೋನಿನ ಅನುಮಾನ ಇಟ್ಟುಕೊಳ್ಳಿ. ಮೈ ದುಂಡಗಿದೆಯೇ, ಹಣೆ ತೆಳ್ಳಗಾಗಿ ಚೂರಿಯಂತಾಗಿದೆಯೇ, ಕಣ್ಣು ಮೈಗೆ ಒಪ್ಪುವಷ್ಟಿದೆಯೇ ನೋಡಿ. ಎರಡೂ ಕಿವಿರು ಸಮವಾಗಿ ಆಡುತ್ತಿರಬೇಕು. ಬಿಳಿ ದಾರದಂಥ ಮಲ ಕಂಡರೆ ಕರುಳಿನಲ್ಲಿ ಪರೋಪಜೀವಿ ಇರಬಹುದು. ಕೊನೆಗೆ, ‘ಸ್ವಲ್ಪ ಊಟ ಹಾಕಿ’ ಅನ್ನಿ. ಮುಂದೆ ಬಂದು ತಿಂದದ್ದನ್ನು ತನ್ನಿ. ಮೂಲೆಯಲ್ಲಿ ನಿಂತದ್ದರ ಮೇಲೆ ಕರುಣೆ ಬೇಡ. ಮನೆಗೆ ತಂದಮೇಲೂ ಹಳೆಯ ಮೀನಿನ ಜೊತೆ ಕೂಡಲೇ ಬಿಡದೆ ಮೂರು ನಾಲ್ಕು ವಾರ ಬೇರೆ ಇಟ್ಟರೆ ಎರಡು ಕಡೆಗೂ ಕ್ಷೇಮ.

ಬೆಲೆ ಕೇಳದ ಹುಡುಗ

ಆರು ಮರಿಗಳಲ್ಲಿ ಎರಡು ಸುಮಾರು ಒಂದೂಕಾಲು ವರ್ಷಕ್ಕೆ ಗುಂಪಿನಿಂದ ದೂರ ಸರಿದು ಒಂದು ಮೂಲೆ ಹಿಡಿದವು. ಗಂಡು ಯಾವುದು, ಹೆಣ್ಣು ಯಾವುದು ಎಂದು ನೋಡಿ ಹೇಳುವುದು ಪಳಗಿದವರಿಗೂ ಕಷ್ಟ. ಅವುಗಳೇ ಜೋಡಿ ಕಟ್ಟುವವರೆಗೆ ಕಾಯಬೇಕು. ಅವನ್ನು ಬೇರೆ ತೊಟ್ಟಿಗೆ ಬಿಟ್ಟು, ಮೆದು ನೀರು ಕೊಟ್ಟು, ಕುಂಬಾರರಿಂದ ಮಾಡಿಸಿದ ಶಂಕುವಿನಾಕಾರದ ಮಣ್ಣಿನ ಕುಡಿಕೆ ಮಗುಚಿ ಇಟ್ಟೆ. ಮೊದಲ ಎರಡು ಸಲ ಇಟ್ಟ ಮೊಟ್ಟೆಯನ್ನು ತಾವೇ ತಿಂದವು. ಎಳೆಯ ಜೋಡಿಗಳಲ್ಲಿ ಇದು ಸಾಮಾನ್ಯ. ಮೂರನೆಯ ಸಲ ತಿನ್ನಲಿಲ್ಲ. ಆರನೆಯ ದಿನ ಬೆಳಿಗ್ಗೆ ಅಮ್ಮನೇ ಮೊದಲು ನೋಡಿದ್ದು: ಎರಡು ದೊಡ್ಡ ಮೀನುಗಳ ಮೈಗೆ ರಾಗಿಕಾಳಿನಷ್ಟು ಜೀವಗಳು ಗುಂಪಾಗಿ ಮೆತ್ತಿಕೊಂಡಿದ್ದವು. ‘ಯಾರೂ ಗಲಾಟೆ ಮಾಡಬೇಡಿ, ಬಾಣಂತಿ ಮನೆ’ ಎಂದು ಟಿವಿ ಆರಿಸಿದಳು. ಮೂರನೆಯ ವಾರ ಅಪ್ಪ–ಅಮ್ಮ ಮುಖ ತಿರುಗಿಸಲು ಶುರು ಮಾಡಿದಾಗ ಮರಿಗಳ ಕಡೆ ನಿಂತು ಬೈದವಳೂ ಅವಳೇ.

ಆ ಮರಿಗಳಲ್ಲಿ ಉಳಿಸಿಕೊಂಡವೇ ಈಗಿನ ಹತ್ತು ತಿಂಗಳವು. ಈಗ ಮತ್ತೊಂದು ಸಂಸಾರ ಬಂದಿದೆ. ಮರಿ ಕೇಳಿಕೊಂಡು ಜನ ಬರುತ್ತಾರೆ. ಎಲ್ಲರ ಮೊದಲ ಪ್ರಶ್ನೆ ‘ಎಷ್ಟು?’ ಎರಡನೆಯದು ‘ಕೆಂಪು ಇದೆಯಾ?’

ಕಳೆದ ತಿಂಗಳು ಹಿಂದಿನ ಬೀದಿಯ ಹುಡುಗನೊಬ್ಬ ಬಂದ. ಕಾಲೇಜಿನ ಮೊದಲ ವರ್ಷ. ಬಂದವನೇ ತೊಟ್ಟಿಯ ಮುಂದೆ ಮಂಡಿಯೂರಿ ಕೂತ. ಬಹಳ ಹೊತ್ತು ನೋಡಿ, ಕಣ್ಣಪ್ಪನ ಮೇಲೆ ಬೆರಳಿಟ್ಟು, ‘ಅಂಕಲ್, ಇದು ಎಷ್ಟು ದಿನದ ಮರಿ?’ ಅಂದ.

‘ಮರಿಯಲ್ಲ. ಮೂರು ವರ್ಷ.’

‘ಮತ್ತೆ ಆ ದೊಡ್ಡದು?’

‘ಹತ್ತು ತಿಂಗಳು.’

ಅವನು ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೆ ಕಣ್ಣಪ್ಪನತ್ತ ಕಣ್ಣು ಹಾಯಿಸಿದ. ಆ ದೊಡ್ಡ ಕಣ್ಣೂ ಗಾಜಿನ ಆಚೆಯಿಂದ ಅವನನ್ನೇ ನೋಡುತ್ತಿತ್ತು. ಆಮೇಲೆ ಹುಡುಗ ಎದ್ದು ನಿಂತು ಕೇಳಿದ್ದು ಬೆಲೆಯನ್ನಲ್ಲ.

‘ಅಂಕಲ್, ನಮ್ಮ ಮನೆಗೂ ನೀರು ದಿನ ಬಿಟ್ಟು ದಿನಾನೇ ಬರೋದು. ಆ ಡ್ರಮ್ ಎಲ್ಲಿ ತಗೊಂಡ್ರಿ?’